ದೂರಕ್ಕೂ ಒಂದು ಲೆಕ್ಕ ಬೇಕು

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಹಾರ್ನಿ ಅಂತ ಒಂದು ಕೌಂಟಿ ಇದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಎರಡೂವರೆ ಪಟ್ಟು ದೊಡ್ಡದು. 2020ರ ಜನಗಣತಿಯ ಪ್ರಕಾರ ಅಲ್ಲಿರೋದು ಸುಮಾರು 7,500 ಜನ. ನಮ್ಮ ಜಿಲ್ಲೆಯಲ್ಲಿ 2011ರಲ್ಲೇ 14 ಲಕ್ಷ ದಾಟಿತ್ತು. ಅದೇ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದ ಹತ್ತಿರ ನೆಲೆಸಿರುವ ಶಿರಸಿ ಕಡೆಯವನು ನಾನು. ಅಷ್ಟು ಬಯಲಲ್ಲಿ ಇಷ್ಟೇ ಜನರಿಗೆ ಹೈಸ್ಕೂಲು ಹೇಗೆ ನಡೆಸುತ್ತಾರೆ ಅನ್ನೋದೇ ನನ್ನ ಕುತೂಹಲ.

ಕೌಂಟಿಯ ಮುಖ್ಯ ಊರು ಬರ್ನ್ಸ್‌ನಲ್ಲಿ ಒಂದು ಹೈಸ್ಕೂಲಿದೆ. ಇನ್ನೊಂದು ಕ್ರೇನ್ ಎಂಬ ಪುಟ್ಟ ಹಳ್ಳಿಯಲ್ಲಿ. ಅದು ಸರ್ಕಾರಿ ಶಾಲೆಯೇ, ಆದರೆ ಹಾಸ್ಟೆಲ್ ಇದೆ. ಅಮೆರಿಕದಲ್ಲಿ ಇಂಥ ಶಾಲೆಗಳು ಬೆರಳೆಣಿಕೆಯಷ್ಟು. ಬರುವವರಲ್ಲಿ ದನ ಸಾಕುವ ರಾಂಚ್‌ಗಳ ಮಕ್ಕಳು ಜಾಸ್ತಿ. ಫೀಲ್ಡ್ಸ್ ಎಂಬ ಹಳ್ಳಿಯಿಂದ ಕ್ರೇನ್‌ಗೆ 150 ಕಿಲೋಮೀಟರಿಗೂ ಹೆಚ್ಚು ದಾರಿ. ದಿನಾ ಹೋಗಿ ಬರುವ ಮಾತೇ ಇಲ್ಲ. ವಾರದ ಆರಂಭದಲ್ಲಿ ಬಂದು ಉಳಿಯುತ್ತಾರೆ, ಗುರುವಾರ ಪಾಠ ಮುಗಿದ ಮೇಲೆ ಮನೆಗೆ. ಶುಕ್ರವಾರ ರಜೆ.

ಈ ನಾಲ್ಕು ದಿನದ ವಾರ ಮಾತ್ರ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯ ಪಾಲ್ ಥಾಂಪ್ಸನ್ ಈ ಪದ್ಧತಿಯ ಶಾಲೆಗಳನ್ನು ನೋಡಿದಾಗ ಗಣಿತ, ಓದು ಎರಡರಲ್ಲೂ ಅಂಕ ಸ್ವಲ್ಪ ಇಳಿದದ್ದು ಕಂಡಿತ್ತು. ನಮ್ಮ ಅಮ್ಮಂದಿರು ಇದನ್ನು ಕೇಳಿದರೆ ಬಿಡ್ತಾರಾ?

ನನಗೆ ಹಿಡಿಸಿದ್ದು ದುಡ್ಡಿನ ಲೆಕ್ಕ. ಒರೆಗಾನ್ ಸರ್ಕಾರ ಶಾಲೆಗಳಿಗೆ ಹಣ ಹಂಚೋದು ಮುಖ್ಯವಾಗಿ ಮಕ್ಕಳ ತಲೆ ಎಣಿಸಿ. ಆದರೆ ಚಿಕ್ಕ ಹೈಸ್ಕೂಲುಗಳಿಗೆ ಅದರ ಮೇಲೆ ಇನ್ನಷ್ಟು ಸೇರಿಸುತ್ತಾರೆ. ಸರಿ ಅಲ್ವಾ? ಕ್ಲಾಸಲ್ಲಿ ಹತ್ತೇ ಮಕ್ಕಳಿದ್ದರೂ ಗಣಿತದ ಮೇಷ್ಟ್ರಿಗೆ ಪೂರ್ತಿ ಸಂಬಳ ಕೊಡಲೇಬೇಕು.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಬಿಸಿಯೂಟ ಇದೆ, ಪುಸ್ತಕ ಇದೆ. 2006-07ರಿಂದ ಹಲವು ವರ್ಷ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಟ್ಟದ್ದು ದೊಡ್ಡ ಕೆಲಸವೇ. ಆದರೆ ಜೋಯಿಡಾದ ಕಾಡು ದಾರಿಯಲ್ಲಿ, ಜುಲೈ ಮಳೆಯಲ್ಲಿ, ಏರು ಹತ್ತುವಾಗ ಆ ಸೈಕಲ್ಲನ್ನು ಮಕ್ಕಳೇ ತಳ್ಳಿಕೊಂಡು ಹೋಗಬೇಕಿತ್ತು. ಸರ್ಕಾರಿ ಹಾಸ್ಟೆಲುಗಳೂ ಇವೆ. ಅಲ್ಲಿ ಮೊದಲು ನೋಡೋದು ಜಾತಿ ಮತ್ತು ಆದಾಯದ ಸರ್ಟಿಫಿಕೇಟ್. ಅದು ಬೇಡ ಅನ್ನುತ್ತಿಲ್ಲ, ಅದರಿಂದ ಎಷ್ಟೋ ಮನೆಗಳಲ್ಲಿ ಮೊದಲ ಸಲ ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ್ದಾರೆ. ಆದರೆ ಮನೆ ದೂರ ಅನ್ನುವ ಒಂದೇ ಕಾರಣಕ್ಕೆ ಹಾಸಿಗೆ ಸಿಗುವ ವ್ಯವಸ್ಥೆಯೂ ಬೇಕು.

ನಮ್ಮಲ್ಲಿ ಮಕ್ಕಳು ಕಡಿಮೆಯಾದರೆ ಮೊದಲು ಬರುವ ಮಾತು ವಿಲೀನ. ಮಾಡಿ, ಕೆಲವು ಕಡೆ ಬೇರೆ ದಾರಿಯಿಲ್ಲ. ಆದರೆ ಉಳಿಸಿಕೊಂಡ ಹೈಸ್ಕೂಲಿನ ಪಕ್ಕದಲ್ಲೇ ದೂರದ ಮಕ್ಕಳಿಗೆ ಹಾಸ್ಟೆಲ್ ಕಟ್ಟಿ. ಅಡುಗೆಯವರು, ವಾರ್ಡನ್, ವಾರಕ್ಕೊಮ್ಮೆ ಮನೆಗೆ ಬಿಡುವ ಗಾಡಿ, ಎಲ್ಲಕ್ಕೂ ಖರ್ಚಿದೆ. ಅದನ್ನೂ ಶಾಲೆಯ ಖರ್ಚು ಅಂತಲೇ ಬರೆದುಕೊಳ್ಳಬೇಕು.