ಎರಡೂವರೆ ಸ್ಟಾರ್ ಕೊಟ್ಟವನ ಪಾಡು

ಬೆಂಗಳೂರಿನ ಸಿನಿಮಾ ವಿಮರ್ಶಕರಿಗೆ ಒಂದು ಅನುಕೂಲ ಇದೆ. ಅವರು ಬರೆದದ್ದನ್ನು ಓದಿ ಸಿಟ್ಟಾದವನು ಮರುದಿನ ಬೆಳಿಗ್ಗೆ ಅವರ ಎದುರು ಬಂದು ನಿಲ್ಲುವುದಿಲ್ಲ. ಉಡುಪಿಯಲ್ಲಿ ಹಾಗಲ್ಲ. ಇಲ್ಲಿ ಓದುಗ ಕಲ್ಸಂಕದಲ್ಲಿ ರಸ್ತೆ ದಾಟುವಾಗ ಸಿಗುತ್ತಾನೆ. ರಥಬೀದಿಯಲ್ಲಿ ಸಿಗುತ್ತಾನೆ. ಮದುವೆ ಊಟಕ್ಕೆ ಕೂತರೆ ಪಕ್ಕದ ಎಲೆಯಲ್ಲೇ ಸಿಗುತ್ತಾನೆ. ಹೋಳಿಗೆ ಬರುವ ಮೊದಲು ಎದ್ದು ಹೋಗುವ ಹಾಗೂ ಇಲ್ಲ.

ನನ್ನ ಕಷ್ಟ ಇನ್ನೂ ಸ್ವಲ್ಪ ಜಾಸ್ತಿ. ನಾನು ವಿಮರ್ಶೆ ಬರೆಯುವುದು ಊರಿನ ಒಂದು ಸಣ್ಣ ವಾರಪತ್ರಿಕೆಗೆ. ಹೊಟ್ಟೆಪಾಡಿನ ಕೆಲಸ ಸಹಕಾರಿ ಸೊಸೈಟಿಯ ಕ್ಯಾಶ್ ಕೌಂಟರಿನಲ್ಲಿ. ಅಂದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು ಎಲ್ಲಿ ಕೂತಿರುತ್ತೇನೆ ಎಂದು ಇಡೀ ಊರಿಗೆ ಗೊತ್ತು. ಕೌಂಟರಿನ ಗಾಜಿಗೆ ಒಂದು ಸಣ್ಣ ಕಿಂಡಿ ಇದೆ. ಹಣ ಬರಲಿಕ್ಕೆ ಅಂತ ಮಾಡಿಸಿದ್ದು. ಪತ್ರಿಕೆ ಬರುವುದು ಗುರುವಾರ. ಶುಕ್ರವಾರ ಆ ಕಿಂಡಿಯಲ್ಲಿ ಹಣಕ್ಕಿಂತ ಬೈಗುಳವೇ ಜಾಸ್ತಿ ಒಳಗೆ ಬರುತ್ತದೆ.

ಕೌಂಟರಿಗೆ ಬರಲು ಪುರುಸೊತ್ತಿಲ್ಲದವರಿಗೆ ನಮ್ಮ ಪಿಗ್ಮಿ ಕಲೆಕ್ಟರ್ ಇದ್ದಾನೆ. ಅಂಗಡಿಯಿಂದ ಅಂಗಡಿಗೆ ಹೋಗಿ ದಿನದ ಹಣ ತರುವ ಹುಡುಗ. ತುಂಬಾ ಪ್ರಾಮಾಣಿಕ. ಕೊಟ್ಟದ್ದರಲ್ಲಿ ಒಂದು ರೂಪಾಯಿ ಆಚೀಚೆ ಮಾಡುವುದಿಲ್ಲ. ಹೇಳಿದ್ದರಲ್ಲೂ ಒಂದು ಅಕ್ಷರ ಆಚೀಚೆ ಮಾಡುವುದಿಲ್ಲ, ಅದೇ ತೊಂದರೆ. ಸಂಜೆ ಬಂದು ಮೆಷಿನ್ ನೋಡಿಕೊಂಡು ಲೆಕ್ಕ ಒಪ್ಪಿಸುತ್ತಾನೆ.

“ಸರ್, ಹಾರ್ಡ್‌ವೇರ್ ಅಂಗಡಿ ಇನ್ನೂರು. ಮತ್ತೆ ನಿಮಗೆ ಮಂಡೆ ಸರಿ ಇಲ್ಲ ಅಂತ ಹೇಳ್ಲಿಕ್ಕೆ ಹೇಳಿದ್ದಾರೆ. ಟೈಲರ್ ನೂರು. ಅವರದ್ದೂ ಅದೇ ಅಭಿಪ್ರಾಯ. ಸೆಲೂನಿನವರು ಇವತ್ತು ಹಣ ಕೊಡ್ಲಿಲ್ಲ, ಅಭಿಪ್ರಾಯ ಮಾತ್ರ ಕೊಟ್ಟಿದ್ದಾರೆ.”

ಈ ಪಿಗ್ಮಿ ನಮ್ಮೂರಿನದೇ ಕೊಡುಗೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆಯಲ್ಲಿ ಟಿ.ಎಂ.ಎ. ಪೈಯವರು 1928ರಲ್ಲಿ ಇದನ್ನು ಶುರು ಮಾಡಿದರು. ದಿನಕ್ಕೆ ಎರಡಾಣೆ ಉಳಿಸುವವನ ಮನೆಬಾಗಿಲಿಗೂ ಜನ ಕಳಿಸಿ ಕಟ್ಟಿಸಿಕೊಂಡರು. ಅದೇ 1928ರಲ್ಲಿ ಅತ್ತ ನ್ಯೂಯಾರ್ಕಿನಲ್ಲಿ ಡೈಲಿ ನ್ಯೂಸ್ ಪತ್ರಿಕೆಯ ಐರೀನ್ ಥೈರರ್ ಸಿನಿಮಾಗಳಿಗೆ ಸ್ಟಾರ್ ಕೊಡಲು ಶುರು ಮಾಡಿದರು. ಆಗ ಇದ್ದದ್ದು ಮೂರೇ ಸ್ಟಾರ್. ಐದು ಮಾಡಿದ್ದು ಆಮೇಲೆ ಬಂದವರು. ಪಿಗ್ಮಿಗೆ ಕಟ್ಟಿದ್ದು ಬಡ್ಡಿ ಸಮೇತ ವಾಪಸ್ ಬರುತ್ತದೆ. ಸ್ಟಾರ್ ಕೂಡ ಹಾಗೆಯೇ ಎಂದು ಥೈರರ್ ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗಂತೂ ಯಾರೂ ಮೊದಲೇ ಹೇಳಲಿಲ್ಲ.

ನಾನು ಹೆಚ್ಚಾಗಿ ಕೊಡುವುದು ಎರಡೂವರೆ. ಸುಮ್ನೆ ಕೊಡುವುದಲ್ಲ, ಯೋಚನೆ ಮಾಡಿಯೇ ಕೊಡುವುದು. ಬರುವ ಸಿನಿಮಾಗಳಲ್ಲಿ ಜಾಸ್ತಿ ಅಷ್ಟರವೇ ಇರುತ್ತವೆ. ಆದರೆ ಎರಡೂವರೆ ಯಾರಿಗೂ ಬೇಡದ ಸಂಖ್ಯೆ. ಇಷ್ಟಪಟ್ಟವನಿಗೆ ಅದು ಕಡಿಮೆ, ಬೇಜಾರಾದವನಿಗೆ ಜಾಸ್ತಿ. ಒಂದು ಸ್ಟಾರ್ ಕೊಟ್ಟರೆ ಅರ್ಧ ಊರಾದರೂ ನನ್ನ ಪಕ್ಷ. ಎರಡೂವರೆ ಕೊಟ್ಟರೆ ಇಡೀ ಊರು ಆ ಕಡೆ.

ಅದರಲ್ಲೂ ತುಳು ಸಿನಿಮಾ ಬಂದರೆ ನನಗೆ ಮಂಡೆಬಿಸಿ. ತುಳುವಿನ ಮೊದಲ ಸಿನಿಮಾ ‘ಎನ್ನ ತಂಗಡಿ’ ಬಂದದ್ದು 1971ರಲ್ಲಿ. ಆಮೇಲೆ ಎಷ್ಟೋ ವರ್ಷ ಅಪರೂಪಕ್ಕೊಂದು ಬರುತ್ತಿತ್ತು. ಆಗ ವಿಮರ್ಶೆ ಬರೆದವರು ಪುಣ್ಯವಂತರು. 2011ರಲ್ಲಿ ‘ಒರಿಯರ್ದೊರಿ ಅಸಲ್’ ಚೆನ್ನಾಗಿ ಓಡಿತು. ಅಲ್ಲಿಂದ ಶುರುವಾಯಿತು ನೋಡಿ. ನಾಟಕ ತಂಡದವರೆಲ್ಲ ಕ್ಯಾಮೆರಾ ಮುಂದೆ ಬಂದರು. ಅವರ ಹಿಂದೆ ಅವರ ನೆಂಟರು ಬಂದರು. ಈಗ ಕರಾವಳಿಯಲ್ಲಿ ಸಿನಿಮಾದಲ್ಲಿ ಒಬ್ಬನಾದರೂ ಕಾಣಿಸಿಕೊಳ್ಳದ ಕುಟುಂಬ ಹುಡುಕುವುದು ಕಷ್ಟ.

ಹಾಗೆ ಒಂದು ಹಾಸ್ಯ ಸಿನಿಮಾ ಬಂತು. ಮೊದಲರ್ಧ ನಿಜವಾಗಿ ಗಮ್ಮತ್ತು. ಎರಡನೇ ಅರ್ಧದಲ್ಲಿ ಒಂದು ಮದುವೆ ಶುರುವಾಗುತ್ತದೆ, ಮುಗಿಯುವುದೇ ಇಲ್ಲ. ಮದುವೆ ದೃಶ್ಯ ಕತ್ತರಿಸಿದ್ದರೆ ಸಿನಿಮಾ ಉಳಿಯುತ್ತಿತ್ತು ಎಂದು ಬರೆದೆ. ಶುಕ್ರವಾರ ಚಿನ್ನದ ಸಾಲ ರಿನ್ಯೂ ಮಾಡಲು ಬಂದ ಅಮ್ಮ ಒಬ್ಬರು ಕಿಂಡಿಗೆ ಮುಖ ಇಟ್ಟರು.

“ಆ ಮದುವೆ ಸೀನಿನಲ್ಲಿ ಪಾಯಸ ಬಡಿಸುವವ ಯಾರು ಗೊತ್ತುಂಟಾ ನಿಮಗೆ?”

“ಇಲ್ಲ ಅಮ್ಮ.”

“ನಮ್ಮ ನಾದಿನಿಯ ಮಗ. ಶೂಟಿಂಗಿಗೆ ಅಂತ ರಜೆ ಹಾಕಿ ಹೋಗಿದ್ದಾನೆ. ಸಂಬಳ ಕಟ್ ಆಗಿದೆ ಅವನಿಗೆ. ನೀವು ಕತ್ತರಿಸಿ ಅಂತ ಬರೆಯುವುದಾ?”

“ಪೂರ್ತಿ ಅಲ್ಲ ಅಮ್ಮ. ಸ್ವಲ್ಪ ಕಡಿಮೆ ಮಾಡಬಹುದಿತ್ತು ಅಂತ.”

“ಯಾವುದನ್ನು ಕಡಿಮೆ ಮಾಡುವುದು? ಪಾಯಸವನ್ನಾ?”

ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಆ ಸಿನಿಮಾದಲ್ಲಿ ಅಷ್ಟು ಒಳ್ಳೆಯ ಡೈಲಾಗ್ ಒಂದೂ ಇರಲಿಲ್ಲ. ಬೇಕಾದರೆ ಈಗಲೂ ಹೇಳುತ್ತೇನೆ, ಅದು ಎರಡೂವರೆಯದ್ದೇ ಸಿನಿಮಾ.

ಹಾಗಾದರೆ ಹೊಗಳಿದರೆ ನೆಮ್ಮದಿಯಾ? ಅದೂ ಇಲ್ಲ. ಒಂದು ಸಿನಿಮಾ ನನಗೆ ಬಹಳ ಹಿಡಿಸಿತು. ಮಳೆ, ಒಬ್ಬ ಮುದುಕ, ಒಂದು ಹಳೆಯ ಮನೆ. ಮಾತು ಕಡಿಮೆ. ನಾಲ್ಕು ಸ್ಟಾರ್ ಕೊಟ್ಟೆ. ‘ಇಲ್ಲಿ ಮೌನವೇ ಮಾತಾಡುತ್ತದೆ’ ಎಂದು ಬರೆದೆ. ಅಂಥ ಸಿನಿಮಾ ಸಾಮಾನ್ಯವಾಗಿ ನನ್ನ ವಿಮರ್ಶೆ ಅಚ್ಚಾಗುವ ಮೊದಲೇ ಗಂಟುಮೂಟೆ ಕಟ್ಟುತ್ತದೆ. ಇದು ಹೇಗೋ ಮಣಿಪಾಲದ ಮಲ್ಟಿಪ್ಲೆಕ್ಸ್‌ನಲ್ಲಿ ಎರಡನೇ ವಾರಕ್ಕೂ ಒಂದು ಶೋ ಉಳಿಸಿಕೊಂಡಿತ್ತು. ನಮ್ಮ ಓಣಿಗೆ ಮಲ್ಪೆಯಿಂದ ಮೀನು ತರುವ ಅಕ್ಕನಿಗೆ ಅವಳ ಮಗಳು ನನ್ನ ವಿಮರ್ಶೆ ಓದಿ ಹೇಳಿದಳಂತೆ. ನಮ್ಮ ಓಣಿಯವರು ಬರೆದದ್ದಲ್ಲವಾ ಎಂದು ಅಕ್ಕ ಅತ್ತೆ, ಮಗಳು, ಮೊಮ್ಮಕ್ಕಳನ್ನೆಲ್ಲ ಕಟ್ಟಿಕೊಂಡು ಭಾನುವಾರ ಹೋದಳು. ಭಾನುವಾರದ ಟಿಕೆಟ್ ರೇಟು, ಮೇಲಿಂದ ಪಾಪ್‌ಕಾರ್ನ್ ರೇಟು ನಿಮಗೆ ಗೊತ್ತೇ ಇದೆ.

ಸೋಮವಾರ ಅವಳು ಏನೂ ಹೇಳಲಿಲ್ಲ. ಬುಟ್ಟಿಯಿಂದ ಬಂಗುಡೆ ತೆಗೆದು ನನ್ನ ಪಾತ್ರೆಗೆ ಹಾಕಿದಳು. ನೋಡಿದರೆ ಕಣ್ಣು ಕೆಂಪಗಾಗಿ ಒಳಗೆ ಹೋಗಿತ್ತು. ಕಿವಿರು ಕಪ್ಪಗಿತ್ತು.

“ಇದೆಂಥದು ಅಕ್ಕ, ನಿನ್ನೆಯದ್ದಾ?”

“ಇರ್ಲಿ, ತಕೊಳ್ಳಿ. ಇದು ಕೂಡ ಮೌನವಾಗಿ ಮಾತಾಡ್ತದೆ.”

ಒಂದು ತಿಂಗಳು ನಮ್ಮ ಮನೆಗೆ ಒಳ್ಳೆ ಮೀನು ಬರಲಿಲ್ಲ. ಮನೆಯವಳು ನನ್ನ ವಿಮರ್ಶೆ ಓದುವವಳಲ್ಲ. ‘ಹೋಗುವಾ ಬೇಡವಾ, ಅಷ್ಟು ಹೇಳಿ ಸಾಕು’ ಎನ್ನುವ ಪೈಕಿ. ಆ ತಿಂಗಳು ಮಾತ್ರ ಬುಧವಾರ ರಾತ್ರಿ ನನ್ನ ಪಕ್ಕ ಕೂತು, ಕಳಿಸುವ ಮೊದಲು ಎಲ್ಲವನ್ನೂ ಓದಿದಳು. ‘ಮೌನ’ ಎಂದು ಎಲ್ಲಿಯಾದರೂ ಬರೆದಿದ್ದೇನಾ ಅಂತ.

ಇನ್ನು ಶೋಲೆ. ಸಿನಿಮಾ ವಿಮರ್ಶಕರನ್ನು ಬಾಯಿ ಮುಚ್ಚಿಸಲು ದೇಶದಲ್ಲಿ ಒಂದೇ ಅಸ್ತ್ರ ಇರುವುದು, ಅದು ಶೋಲೆ. 1975ರ ಆಗಸ್ಟ್ 15ಕ್ಕೆ ಬಂದಾಗ ವಿಮರ್ಶಕರು ಮೂಗು ಮುರಿದಿದ್ದರು, ಆಮೇಲೆ ಬಾಂಬೆಯ ಮಿನರ್ವಾ ಟಾಕೀಸಿನಲ್ಲಿ ಅದು 5 ವರ್ಷ ಓಡಿತು. ನಿಜವೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ನಾನು ಯಾವ ಸಿನಿಮಾಕ್ಕೆ ಎರಡೂವರೆ ಕೊಟ್ಟರೂ ‘ಶೋಲೆಗೂ ನಿಮ್ಮಂಥವರು ಹೀಗೇ ಹೇಳಿದ್ದು’ ಎಂದರೆ ಏನು ಮಾಡುವುದು? ಒಬ್ಬರು ಕೇಳಿದ್ದು ಒಂದು ದೆವ್ವದ ಸಿನಿಮಾದ ಬಗ್ಗೆ. ಸೋಮವಾರವೇ ಅದನ್ನು ತೆಗೆದಿದ್ದರು. ದೆವ್ವವೂ ಕೂಡ ಮೊದಲ ವಾರ ಪೂರ್ತಿ ನಿಲ್ಲಲಿಲ್ಲ.

ನನ್ನ ಹತ್ತಿರವೂ ಒಂದು ಉತ್ತರ ಇದೆ. ನಮ್ಮೂರಿನ ರಕ್ಷಿತ್ ಶೆಟ್ಟಿ ಮಾಡಿದ ‘ಉಳಿದವರು ಕಂಡಂತೆ’. ಮಲ್ಪೆಯ ಕಥೆ. 2014ರಲ್ಲಿ ಬಂದಾಗ ಥಿಯೇಟರಿನಲ್ಲಿ ದೊಡ್ಡ ಓಟ ಓಡಲಿಲ್ಲ. ಆಮೇಲೆ ವರ್ಷಗಳು ಹೋದಂತೆ ಜನ ತಲೆಯ ಮೇಲೆ ಹೊತ್ತುಕೊಂಡರು. ಈಗ ಉಡುಪಿಯಲ್ಲಿ ಯಾರನ್ನೇ ಕೇಳಿ, ಮೊದಲ ವಾರವೇ ನೋಡಿದ್ದೇನೆ ಎನ್ನುತ್ತಾರೆ. ಇವರೆಲ್ಲ ಹೋಗಿದ್ದು ನಿಜವಾದರೆ ಆ ವಾರ ಥಿಯೇಟರಿನ ಎದುರಿನ ರಸ್ತೆ ಬಂದ್ ಆಗಬೇಕಿತ್ತು. ಇದನ್ನು ಒಂದು ಸಲ ಸೆಲೂನಿನಲ್ಲಿ ಹೇಳಿದೆ. ಕತ್ತಿಯ ಕೆಳಗೆ ಕುತ್ತಿಗೆ ಇಟ್ಟುಕೊಂಡು ಹೇಳುವ ಮಾತಲ್ಲ ಅದು. ಅವನೂ ಮೊದಲ ವಾರ ನೋಡಿದವನೇ ಅಂತೆ.

ಎಲ್ಲರ ಮೆಚ್ಚುಗೆ ಪಡೆದ ವಿಮರ್ಶೆಯೂ ಒಂದು ಉಂಟು. ಅದು ನಾನು ಬರೆದದ್ದಲ್ಲ, ಡಿಟಿಪಿ ಹುಡುಗನ ಕಂಪ್ಯೂಟರ್ ಬರೆದದ್ದು. ಫಾಂಟ್ ಬದಲಾಗಿ ಸ್ಟಾರ್ ಇದ್ದ ಜಾಗದಲ್ಲೆಲ್ಲ ‘ಥ’ ಎಂದು ಬಿತ್ತು. ದೊಡ್ಡ ನಟನ ದೊಡ್ಡ ಸಿನಿಮಾ, ಮೇಲೆ ದಪ್ಪಕ್ಷರದಲ್ಲಿ ‘ಥಥಥ’. ಕೆಳಗೆ ನಾನು ಸಮಾಧಾನದಲ್ಲಿ, ಛಾಯಾಗ್ರಹಣ ಚೆನ್ನಾಗಿದೆ ಎಂದೆಲ್ಲ ಬರೆದಿದ್ದೆ. ಅದನ್ನು ಯಾರು ಓದುತ್ತಾರೆ? ಹಾರ್ಡ್‌ವೇರ್ ಅಂಗಡಿಯವರು ಪಿಗ್ಮಿ ಹುಡುಗನ ಕೈಯಲ್ಲಿ ಒಂದು ಪೊಟ್ಟಣ ಗೋಳಿಬಜೆ ಕಳಿಸಿದರು. “ಇಷ್ಟು ವರ್ಷದಲ್ಲಿ ಒಂದ್ಸಲವಾದ್ರೂ ಮನಸ್ಸು ಬಿಚ್ಚಿ ಬರೆದ್ರಲ್ಲ ಅಂತ ಹೇಳಿದ್ದಾರೆ ಸರ್.” ಆ ನಟನ ಅಭಿಮಾನಿಗಳು ಮಾತ್ರ ಪತ್ರಿಕೆಯ ಆಫೀಸಿಗೆ ಬಂದರು. ಸಂಪಾದಕರು ಅವರಿಗೆ ಚಹಾ ಕೊಟ್ಟು, ಫಾಂಟ್ ಅಂದರೆ ಏನು ಎಂದು ಸಂಜೆಯವರೆಗೆ ವಿವರಿಸಿದರು. ಕೊನೆಗೆ ಅವರು ಬೇಸತ್ತು ಹೋದರು.

2023ರಲ್ಲಿ ಪಕ್ಕದ ಕೇರಳದಲ್ಲಿ ಸಿನಿಮಾ ವಿಮರ್ಶೆಯ ವಿಷಯ ಹೈಕೋರ್ಟಿನವರೆಗೆ ಹೋಯಿತು. ಬಿಡುಗಡೆಯಾದ ಕೂಡಲೇ ಬೇಕೆಂದೇ ಕೆಟ್ಟದಾಗಿ ಹೇಳಿ ಸಿನಿಮಾ ಮುಗಿಸುತ್ತಾರೆ ಎಂದು ದೂರು. ಮೊದಲ 48 ಗಂಟೆ ವಿಮರ್ಶೆ ಮಾಡದಿದ್ದರೆ ಒಳ್ಳೆಯದು ಎಂಬ ಸಲಹೆಯೂ ಕೋರ್ಟಿನ ಮುಂದೆ ಬಂತು. ಪಿಗ್ಮಿ ಹುಡುಗ ಗಾಬರಿಯಲ್ಲಿ ಬಂದು, “ಸರ್, ಇಲ್ಲಿಗೂ ಬಂದ್ರೆ ನೀವು ಎಂಥ ಮಾಡ್ತೀರಿ?” ಎಂದ. ನಾನು ಎಂಥ ಮಾಡುವುದು? ಸಿನಿಮಾ ಬರುವುದು ಶುಕ್ರವಾರ, ನಮ್ಮ ಪತ್ರಿಕೆ ಬರುವುದು ಮುಂದಿನ ಗುರುವಾರ. ಯಾವ ಕೋರ್ಟೂ ಹೇಳದೆ ಆರು ದಿನ ಕಾಯುವ ವಿಮರ್ಶಕ ನಾನು.

ಆಗಲೇ ನನಗೆ ಹೊಳೆದದ್ದು. ಮೀನಿನ ಅಕ್ಕನಂಥ ಒಬ್ಬಿಬ್ಬರನ್ನು ಬಿಟ್ಟರೆ ಇಲ್ಲಿ ಯಾರೂ ನನ್ನನ್ನು ಓದಿ ಸಿನಿಮಾಕ್ಕೆ ಹೋಗುವುದಿಲ್ಲ. ಸಿನಿಮಾ ನೋಡಿ, ಮನೆಗೆ ಬಂದು, ಜಗಳ ಎಲ್ಲ ಮುಗಿಸಿ, ಆಮೇಲೆ ಗುರುವಾರ ನನ್ನನ್ನು ಓದುತ್ತಾರೆ. ಅವರು ನೋಡಿದ್ದನ್ನು ನಾನೂ ಸರಿಯಾಗಿ ನೋಡಿದ್ದೇನಾ ಎಂದು ತಿಳಿಯಲಿಕ್ಕೆ. ಪರೀಕ್ಷೆ ನನಗೆ, ಸಿನಿಮಾಕ್ಕಲ್ಲ. ಅವರ ಅಭಿಪ್ರಾಯವನ್ನೇ ಬರೆದರೆ ನಾನು ಪಾಸ್. ಇಲ್ಲದಿದ್ದರೆ ನನಗೆ ಸಿನಿಮಾ ಗೊತ್ತಿಲ್ಲ. ಅವರ ಅಭಿಪ್ರಾಯವಾದರೂ ಏನು ಎಂದು ಕೇಳಿ ನೋಡಿ. “ಒಂದ್ಸಲ ನೋಡಬಹುದು.” ಅಷ್ಟೇ. ಬೇಕಾದರೆ ಲೆಕ್ಕ ಹಾಕಿ, ಅದೂ ಎರಡೂವರೆಯೇ ಆಗುತ್ತದೆ!

ಈ ಪರೀಕ್ಷೆಯನ್ನು ಶಿಸ್ತಿನಿಂದ ನಡೆಸಿದವರು ಒಬ್ಬ ನಿವೃತ್ತ ಮಾಸ್ಟ್ರು. ಪ್ರತಿ ವಾರ ಐವತ್ತು ಪೈಸೆಯ ಕಾರ್ಡು ಪತ್ರಿಕೆಗೆ ಬರುತ್ತಿತ್ತು. ಕೆಂಪು ಶಾಯಿ. ‘ಕಥಾ ಸಾರಾಂಶ: 10ಕ್ಕೆ 4. ಭಾಷೆ: 10ಕ್ಕೆ 6. ಅಂತ್ಯವನ್ನು ಬಿಟ್ಟುಕೊಟ್ಟದ್ದಕ್ಕೆ 2 ಕಳೆಯಲಾಗಿದೆ.’ ಮಾಸ್ಟ್ರು ತಾಳಮದ್ದಳೆಯ ಹಳೆಯ ಕೇಳುಗರು. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಕೃಷ್ಣನೂ ಕೌರವನೂ ರಾತ್ರಿಯಿಡೀ ವಾದ ಮಾಡುವುದನ್ನು ಕೇಳಿ, ಬೆಳಿಗ್ಗೆ ಯಾವ ಅರ್ಥಧಾರಿ ಎಲ್ಲಿ ಜಾರಿದ ಎಂದು ಹೇಳಬಲ್ಲವರು. ಅಂಥವರ ಎದುರು ನನ್ನ ನಾನೂರು ಪದ ಎಷ್ಟು ಹೊತ್ತು ನಿಂತೀತು?

ಸಂಪಾದಕರಿಗೆ ಕಾರ್ಡು ಓದಿ ಓದಿ ಒಂದು ಉಪಾಯ ಹೊಳೆಯಿತು. ನನ್ನ ವಿಮರ್ಶೆಯ ಪಕ್ಕದಲ್ಲೇ ಮಾಸ್ಟ್ರ ಸಿನಿಮಾ ವಿಮರ್ಶೆಯನ್ನೂ ಹಾಕುವುದು. ಓದುಗರ ಕಡೆಯಿಂದ ಓದುಗರೇ ಬರೆದ ಹಾಗಾಯಿತಲ್ಲ. ಮಾಸ್ಟ್ರು ಒಪ್ಪಿದರು. ಹೊಸ ಕನ್ನಡಕ ಮಾಡಿಸಿಕೊಂಡರು. ಒಂದು ಆ್ಯಕ್ಷನ್ ಸಿನಿಮಾ ನೋಡಿ ಬಂದು, ನಾಯಕ ಒಂದೇ ಏಟಿಗೆ ಅಷ್ಟು ಜನರನ್ನು ಬೀಳಿಸಿದ್ದು ಸರಿ, ಆದರೆ ಬಿದ್ದವರ ಅಹವಾಲು ಕೇಳುವವರು ಯಾರು ಎಂದು ಬರೆದರು. ನನಗೆ ಬಹಳ ಇಷ್ಟವಾಯಿತು. ನಾನು ಇಷ್ಟು ವರ್ಷ ಬರೆದರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಶುಕ್ರವಾರ ಸಂಜೆ ಪಿಗ್ಮಿ ಹುಡುಗ ಬಂದ. “ಸರ್, ಹಾರ್ಡ್‌ವೇರ್ ಇನ್ನೂರು. ನಿಮಗೆ ಏನೂ ಇಲ್ಲ. ಮಾಸ್ಟ್ರಿಗೆ ತುಂಬಾ ಉಂಟು. ಟೈಲರ್ ನೂರು, ಅವರದ್ದೂ ಮಾಸ್ಟ್ರಿಗೇ. ಎಲ್ಲಿ ಕೊಡುವುದು ಇದನ್ನು?”

ಕೊಡುವ ಕೆಲಸ ಬರಲಿಲ್ಲ. ನಾಲ್ಕೈದು ವಾರ ಹೀಗೇ ನಡೆದ ಮೇಲೆ ಮಾಸ್ಟ್ರೇ ಕೊಡೆ ಬೀಸಿಕೊಂಡು ಸೊಸೈಟಿಗೆ ಬಂದರು. ಕಿಂಡಿಯ ಹತ್ತಿರ ನಿಲ್ಲಲಿಲ್ಲ, ಬಾಗಿಲು ತೆಗೆದು ನೇರ ಒಳಗೆ ಬಂದು ಕುರ್ಚಿ ಎಳೆದು ಕೂತರು. ಕೈಯಲ್ಲಿ ಒಂದು ಕಟ್ಟು ಕಾರ್ಡು.

“ನೋಡಿ ಮಾರಾಯ್ರೆ ಇದನ್ನು. ನನಗೆ 10ಕ್ಕೆ 3 ಕೊಟ್ಟಿದ್ದಾನೆ. ಯಾರು ಗೊತ್ತುಂಟಾ? ನನ್ನ ಹತ್ತಿರ ಏಳನೇ ಕ್ಲಾಸಿನಲ್ಲಿ ಕಲಿತವ. ಕನ್ನಡದಲ್ಲಿ ಯಾವಾಗಲೂ ಜಸ್ಟ್ ಪಾಸ್. ಈ ಜನಕ್ಕೆ ಸಿನಿಮಾ ನೋಡ್ಲಿಕ್ಕೆ ಬರುವುದಿಲ್ಲ, ಓದ್ಲಿಕ್ಕಂತೂ ಮೊದಲೇ ಬರುವುದಿಲ್ಲ.”

ನಾನು ಚಹಾ ತರಿಸಿದೆ. ಅವರು ಅರ್ಧ ಕುಡಿದು, ಕಾರ್ಡುಗಳನ್ನು ಕೊಡೆಯ ಒಳಗೆ ತುರುಕಿ, ದನಿ ತಗ್ಗಿಸಿದರು.

“ನಾಡಿದ್ದು ಯಾವುದೋ ತುಳು ಸಿನಿಮಾ ಬರ್ತದಂತಲ್ಲ?”

“ಹೌದು ಮಾಸ್ಟ್ರೆ.”

“ಅದನ್ನು ನೀವೇ ಬರೆಯಿರಿ. ಅದರಲ್ಲಿ ನನ್ನ ಅಳಿಯ ಪೊಲೀಸ್ ಆಗಿದ್ದಾನೆ. ನಾನೊಂದು ಕಾರ್ಡು ಹಾಕ್ತೇನೆ.”