ಬಾಯಲ್ಲಿ ಬೆಂಕಿ, ಕಾಗದದ ಮೇಲೆ ಕ್ಷಿಪ್ರ ಉತ್ಕರ್ಷಣ

ಇಂಗ್ಲಿಷ್ ಮಾತಾಡುವ ಒಬ್ಬನ ಮನೆಗೆ ಬೆಂಕಿ ಬಿತ್ತು ಅಂದುಕೊಳ್ಳಿ. ‘ಫೈರ್!’ ಅಂತ ಕೂಗುತ್ತಾನೆ. ಒಂದೇ ಪದ. ಕರ್ತೃ ಇಲ್ಲ, ಕರ್ಮ ಇಲ್ಲ. ಪರೀಕ್ಷೆಯಲ್ಲಿ ಬರೆದಿದ್ದರೆ ಸೊನ್ನೆ. ಆದರೂ ಅಕ್ಕಪಕ್ಕದವರೆಲ್ಲ ಬಕೆಟ್ ಹಿಡಿದು ಓಡಿಬರುತ್ತಾರೆ. ಅದೇ ಮನುಷ್ಯನನ್ನು ಮಾರನೇ ದಿನ ಕೂರಿಸಿ, ಕೈಗೆ ಪೆನ್ನು ಕೊಟ್ಟು, ‘ಏನಾಯ್ತು, ಬರೆದುಕೊಡಿ’ ಅನ್ನಿ. ಬೆಂಕಿ ಮಾಯವಾಗುತ್ತದೆ. ಹೊಗೆ ಮಾತ್ರ ಉಳಿಯುತ್ತದೆ.

ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಅಮೆರಿಕದ ಅಣುವಿದ್ಯುತ್ ಉದ್ಯಮದವರು ಬೆಂಕಿಯನ್ನು ‘ರ‍್ಯಾಪಿಡ್ ಆಕ್ಸಿಡೇಶನ್’ ಎಂದು ಬರೆಯುತ್ತಿದ್ದರು. ವಿಜ್ಞಾನದ ಪಾಠದ ಕನ್ನಡದಲ್ಲಿ ಕ್ಷಿಪ್ರ ಉತ್ಕರ್ಷಣ. ಸ್ಫೋಟಕ್ಕೆ ‘ಎನರ್ಜೆಟಿಕ್ ಡಿಸ್‌ಅಸೆಂಬ್ಲಿ’, ಅಂದರೆ ಹುರುಪಿನಿಂದ ಬಿಡಿಬಿಡಿಯಾಗುವುದು. 1979ರಲ್ಲಿ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ಅಪಘಾತವಾಯಿತಲ್ಲ, ಆ ವರ್ಷ ಅಲ್ಲಿನ ಇಂಗ್ಲಿಷ್ ಮೇಷ್ಟ್ರುಗಳ ಸಂಘ ಈ ಪದಸಂಪತ್ತಿಗೆ ‘ಡಬಲ್‌ಸ್ಪೀಕ್’ ಅನ್ನುವ ಗೇಲಿಯ ಪ್ರಶಸ್ತಿ ಕೊಟ್ಟು ಗೌರವಿಸಿತು. 2023ರಲ್ಲಿ ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಶಿಪ್ ರಾಕೆಟ್ ಆಕಾಶದಲ್ಲಿ ಚೂರಾದಾಗ ಕಂಪನಿ ಬರೆದದ್ದು ‘ರ‍್ಯಾಪಿಡ್ ಅನ್‌ಶೆಡ್ಯೂಲ್ಡ್ ಡಿಸ್‌ಅಸೆಂಬ್ಲಿ’ ಎಂದು. ಎಂಜಿನಿಯರುಗಳ ಹಳೇ ಜೋಕು ಅದು, ಒಪ್ಪೋಣ. ಆದರೂ ಆ ‘ಅನ್‌ಶೆಡ್ಯೂಲ್ಡ್’ ನೋಡಿ. ಚೂರಾಗಿದ್ದು ತಪ್ಪಲ್ಲ, ಟೈಮ್‌ಟೇಬಲ್‌ನಲ್ಲಿ ಇರಲಿಲ್ಲ, ಅಷ್ಟೇ.

ನನ್ನ ಅನುಮಾನ ಇಷ್ಟು. ಇಂಗ್ಲಿಷ್ ಬಾಯಲ್ಲಿದ್ದಾಗ ಅದರಲ್ಲಿ ಮನುಷ್ಯರು ಇರುತ್ತಾರೆ. ಕಾಗದಕ್ಕೆ ಇಳಿದ ಕೂಡಲೇ ಅವರೆಲ್ಲ ಹಿಂಬಾಗಿಲಿನಿಂದ ಓಡಿಹೋಗುತ್ತಾರೆ.

1942ರ ಕತೆ ಕೇಳಿ. ಯುದ್ಧದ ಕಾಲ. ವಿಮಾನ ದಾಳಿ ನಡೆದರೆ ಸರ್ಕಾರಿ ಕಟ್ಟಡಗಳ ಬೆಳಕು ಹೊರಗೆ ಕಾಣಬಾರದು. ಇದನ್ನು ಹೇಳಲು ವಾಷಿಂಗ್ಟನ್ನಿನ ಅಧಿಕಾರಿಯೊಬ್ಬರು ಬರೆದ ಆದೇಶದ ಸಾರ ಹೀಗಿತ್ತು: ಫೆಡರಲ್ ಕಟ್ಟಡಗಳೂ, ಫೆಡರಲ್ ಸರ್ಕಾರವು ವಾಸವಾಗಿರುವ ಫೆಡರಲೇತರ ಕಟ್ಟಡಗಳೂ, ವಾಯುದಾಳಿಯ ವೇಳೆ ಎಷ್ಟೇ ಅವಧಿಯವರೆಗಾದರೂ, ಆಂತರಿಕ ಅಥವಾ ಬಾಹ್ಯ ಪ್ರಕಾಶನದ ಕಾರಣದಿಂದ ಉಂಟಾಗುವ ಗೋಚರತೆಯಿಂದ ಸಂಪೂರ್ಣವಾಗಿ ಮರೆಯಾಗುವಂತೆ ಸಿದ್ಧತೆಗಳು ಮಾಡಲ್ಪಡತಕ್ಕದ್ದು. ಇದನ್ನು ಓದಿ ಮುಗಿಸುವಷ್ಟರಲ್ಲಿ ವಿಮಾನ ಬಂದು, ಬಾಂಬು ಹಾಕಿ, ವಾಪಸ್ ಊರು ಸೇರಿರುತ್ತದೆ. ಅಧ್ಯಕ್ಷ ರೂಸ್‌ವೆಲ್ಟ್ ಓದಿದರು. ಕೆಲಸ ನಡೆಯಲೇಬೇಕಾದ ಕಡೆ ಕಿಟಕಿಗೆ ಏನಾದ್ರೂ ಅಡ್ಡ ಹಾಕಿ, ನಿಲ್ಲಿಸಬಹುದಾದ ಕಡೆ ದೀಪ ಆರಿಸಿ ಅಂತ ಹೇಳಿ ಸಾಕು ಅಂದರು. ಗಾಲಿಕುರ್ಚಿಯ ಮೇಲೆ ಕೂತು ಒಂದು ಮಹಾಯುದ್ಧವನ್ನೇ ನೋಡಿಕೊಳ್ಳುತ್ತಿದ್ದವರಿಗೆ ‘ಗೋಚರತೆ’ಯ ಜೊತೆ ಗುದ್ದಾಡಲು ಪುರುಸೊತ್ತು ಎಲ್ಲಿತ್ತು?

ಎರಡು ವರ್ಷ ಬಿಟ್ಟು, ಟೆಕ್ಸಾಸ್‌ನ ಮಾವೆರಿಕ್ ಎನ್ನುವವರು ಈ ಭಾಷೆಗೆ ‘ಗಾಬಲ್ಡಿಗೂಕ್’ ಅಂತ ನಾಮಕರಣ ಮಾಡಿದರು. ಅವರೂ ಸರ್ಕಾರಿ ಸಂಸ್ಥೆಯ ಮುಖ್ಯಸ್ಥರೇ. ಟರ್ಕಿ ಕೋಳಿ ಎದೆಯುಬ್ಬಿಸಿ ಗೊಬಗೊಬ ಅನ್ನುತ್ತದಲ್ಲ, ಆ ಸದ್ದಿನಿಂದ ಹುಟ್ಟಿದ ಪದ. ‘ಆಕ್ಟಿವೇಶನ್’, ‘ಇಂಪ್ಲಿಮೆಂಟೇಶನ್’ ಅನ್ನುವ ಪದ ಬಳಸಿದವರಿಗೆ ಗುಂಡು ಹೊಡೆಯಲಾಗುವುದು ಅಂತ ತಮ್ಮ ಸಿಬ್ಬಂದಿಗೆ ಸುತ್ತೋಲೆಯನ್ನೂ ಕಳಿಸಿದರು. ಆ ಎರಡೂ ಪದಗಳು ಇವತ್ತಿಗೂ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿವೆ.

ವಕೀಲರ ಇಂಗ್ಲಿಷಿಗೆ ಬಂದರೆ, ಅದಕ್ಕೆ ಇತಿಹಾಸದ ಕ್ಷಮೆ ಇದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಳುವವರ ಬಾಯಲ್ಲಿ ಫ್ರೆಂಚು, ಆಳಿಸಿಕೊಳ್ಳುವವರ ಬಾಯಲ್ಲಿ ಇಂಗ್ಲಿಷು, ದಾಖಲೆಯಲ್ಲಿ ಲ್ಯಾಟಿನ್. ಹಾಗಾಗಿ ವಕೀಲರು ಜೋಡಿ ಪದಗಳ ಸಂಸಾರ ಹೂಡಿದರು. ‘ಗೂಡ್ಸ್’ ಇಂಗ್ಲಿಷಿನದು, ‘ಚ್ಯಾಟಲ್ಸ್’ ಫ್ರೆಂಚಿನದು, ಎರಡೂ ಅದೇ ಸರಕು-ಸಾಮಾನು. ‘ವಿಲ್’ ಅಂದರೆ ಸಾಲದು, ‘ಟೆಸ್ಟಮೆಂಟ್’ ಕೂಡ ಬೇಕು. ಸತ್ತವನು ಒಬ್ಬನೇ, ಉಯಿಲು ಮಾತ್ರ ಎರಡು ಭಾಷೆಯಲ್ಲಿ. ಕೋರ್ಟಿನ ಮಾತು ಜನರಿಗೆ ತಿಳಿಯುತ್ತಿಲ್ಲ, ಇನ್ನು ಮೇಲೆ ವಾದ ಇಂಗ್ಲಿಷಿನಲ್ಲೇ ನಡೆಯಲಿ ಅಂತ 1362ರಲ್ಲಿ ಒಂದು ಕಾನೂನು ಬಂತು. ಜನರಿಗೆ ಫ್ರೆಂಚ್ ಬರುವುದಿಲ್ಲ ಎಂಬ ಅಮೂಲ್ಯ ಸಂಗತಿ ಅದರಲ್ಲಿತ್ತು. ಆ ಕಾನೂನನ್ನು ಬರೆದದ್ದು ಫ್ರೆಂಚಿನಲ್ಲಿ.

ಫ್ರೆಂಚು ಹೋಗಿ ಕಾಲವಾಯಿತು. ಜೋಡಿ ಪದಗಳು ಹೋಗಲಿಲ್ಲ. ಊಟಕ್ಕೆ ಕೂತಾಗ ‘ಉಪ್ಪು ಕೊಡು’ ಅನ್ನುವ ವಕೀಲ, ಬರೆಯಲು ಕೂತರೆ ‘ಇಲ್ಲಿಂದ ಮುಂದಕ್ಕೆ ಉಪ್ಪು ಎಂದು ಕರೆಯಲ್ಪಡುವ ಸದರಿ ಪದಾರ್ಥ’ದಿಂದಲೇ ಶುರುಮಾಡುತ್ತಾನೆ.

ವ್ಯಾಕರಣದವರನ್ನು ಬಿಡಲಾದೀತೇ? 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ, ಮುಂದೆ ಬಿಷಪ್ ಆದವರು, ಒಂದು ವ್ಯಾಕರಣ ಬರೆದರು. ‘ಟು’, ‘ವಿತ್’ ಥರದ ಪದಗಳನ್ನು ವಾಕ್ಯದ ಕೊನೆಗೆ ತಂದು ನಿಲ್ಲಿಸುವುದು ಮಾತಿಗೆ ಸರಿ, ಸಲಿಗೆಯ ಬರಹಕ್ಕೂ ಸರಿ, ಆದರೆ ಗಂಭೀರ ಶೈಲಿಗೆ ಮೊದಲೇ ಬಂದರೆ ಚೆಂದ ಅಂದರು. ನಮ್ಮ ಭಾಷೆಗೆ ಈ ಅಭ್ಯಾಸ ಜಾಸ್ತಿ ಅಂತ ಹೇಳುವಾಗ ಅವರು ಮಾತು ಮುಗಿಸಿದ್ದೇ ‘ಇನ್‌ಕ್ಲೈಂಡ್ ಟು’ ಎಂದು. ಪಾದ್ರಿಗಳು ನಗುನಗುತ್ತ ಬರೆದರೋ ಏನೋ. ಹಿಂದೆ ಬಂದ ಮೇಷ್ಟ್ರುಗಳಿಗಂತೂ ನಗು ಕಾಣಿಸಲಿಲ್ಲ. ಬರೀ ಬೆತ್ತ ಕಾಣಿಸಿತು.

ಪ್ರೊಫೆಸರರ ಇಂಗ್ಲಿಷ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1996ರಲ್ಲಿ ಭೌತವಿಜ್ಞಾನಿ ಅಲನ್ ಸೋಕಲ್ ಬೇಕಂತಲೇ ತಲೆಬುಡವಿಲ್ಲದ ಲೇಖನವೊಂದನ್ನು ಘನವಾದ ಪದಗಳಲ್ಲಿ ಬರೆದು ‘ಸೋಷಿಯಲ್ ಟೆಕ್ಸ್ಟ್’ ಎಂಬ ವಿದ್ವತ್ ಪತ್ರಿಕೆಗೆ ಕಳಿಸಿದರು. ಅಚ್ಚಾಯಿತು. ಅಷ್ಟು ಸಾಕು.

ಆದರೆ ಮಾತೇ ಅಪ್ಪಟ ಚಿನ್ನ ಅಂತ ನಾನು ಹೇಳಿದರೆ ನಂಬಬೇಡಿ. 1974ರಲ್ಲಿ ವಾಟರ್‌ಗೇಟ್ ಹಗರಣದ ತನಿಖೆಯ ಬಿಸಿಗೆ ಅಧ್ಯಕ್ಷ ನಿಕ್ಸನ್ ತಮ್ಮ ಕಚೇರಿಯ ಮಾತುಕತೆಯನ್ನು ಅಕ್ಷರಕ್ಕಿಳಿಸಿ 1,200ಕ್ಕೂ ಜಾಸ್ತಿ ಪುಟ ಬಿಡುಗಡೆ ಮಾಡಬೇಕಾಗಿ ಬಂತು. ಅರ್ಧ ವಾಕ್ಯಗಳು, ‘ಅಂ’ಗಳು, ಬೈಗುಳ ಇದ್ದಲ್ಲೆಲ್ಲ ‘ಎಕ್ಸ್‌ಪ್ಲೆಟಿವ್ ಡಿಲೀಟೆಡ್’. ನಾವೆಲ್ಲರೂ ಹೀಗೆಯೇ ಮಾತಾಡುವುದು. ಆದರೆ ಆ ಗೊಂದಲದಲ್ಲೂ ಒಂದು ಸುಖವಿತ್ತು. ಯಾರು ಯಾರಿಗೆ ಏನು ಹೇಳಿದರು ಅನ್ನುವುದು ಗೊತ್ತಾಗುತ್ತಿತ್ತು. ನಿಕ್ಸನ್‌ಗೆ ಕಷ್ಟವಾದದ್ದೂ ಅದರಿಂದಲೇ.

ಬರೆದುಕೊಂಡು ಓದಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. 1987ರಲ್ಲಿ ರೇಗನ್ ಹಾಗೆಯೇ ಮಾಡಿದರು. ಇರಾನಿಗೆ ಆಯುಧ ಮಾರಿದ ಹಗರಣದ ಬಗ್ಗೆ ಸಂಸತ್ತಿನ ಮುಂದೆ ಹೇಳಿದ್ದು, ಗಂಭೀರ ತಪ್ಪುಗಳು ಮಾಡಲ್ಪಟ್ಟವು ಎಂದು. ಯಾರಿಂದ? ವಾಕ್ಯದಲ್ಲಿ ಜಾಗ ಇರಲಿಲ್ಲ. 1876ರಲ್ಲಿ ಅಧ್ಯಕ್ಷ ಗ್ರಾಂಟ್ ಕೂಡ ತಪ್ಪುಗಳನ್ನು ಹೀಗೆ ಅನಾಥವಾಗಿ ಬಿಟ್ಟಿದ್ದರು. ಕಿಟಕಿ ಗಾಜು ಒಡೆದ ಹುಡುಗ ಹೀಗೆ ಹೇಳಿದರೆ ಕಿವಿ ಹಿಂಡುತ್ತಾರೆ. ದೊಡ್ಡವರು ಹೇಳಿದರೆ ಚಪ್ಪಾಳೆ.

ಕೊನೆಗೆ 2010ರಲ್ಲಿ ಅಮೆರಿಕ ‘ಪ್ಲೇನ್ ರೈಟಿಂಗ್ ಆಕ್ಟ್’ ಮಾಡಿತು. ಸರ್ಕಾರಿ ಇಲಾಖೆಗಳು ಜನರಿಗೆ ತಿಳಿಯುವ ಹಾಗೆ ಬರೆಯಬೇಕು. ತಿಳಿಯುವ ಹಾಗೆ ಅಂದರೆ ಹೇಗೆ? ಅದಕ್ಕೂ ವ್ಯಾಖ್ಯೆ ಇದೆ. ಸ್ಪಷ್ಟವಾಗಿ, ಸಂಕ್ಷಿಪ್ತವಾಗಿ, ಕ್ರಮಬದ್ಧವಾಗಿ, ಮತ್ತು ವಿಷಯ ಅಥವಾ ಕ್ಷೇತ್ರಕ್ಕೂ ಉದ್ದೇಶಿತ ಓದುಗವರ್ಗಕ್ಕೂ ಸೂಕ್ತವಾದ ಇತರ ಅತ್ಯುತ್ತಮ ಪದ್ಧತಿಗಳನ್ನು ಅನುಸರಿಸಿ ಬರೆದದ್ದು. ಇಲಾಖೆಗಳು ಹೊರಡಿಸುವ ನಿಯಮಾವಳಿಗಳಿಗೆ ಇದು ಅನ್ವಯಿಸುವುದಿಲ್ಲ. ಕಾನೂನನ್ನು ಯಾರಾದರೂ ಪಾಲಿಸದಿದ್ದರೆ ಕೋರ್ಟಿಗೆ ಹೋಗುವ ಹಾಗಿಲ್ಲ. ಆ ಕೊನೆಯ ಮಾತನ್ನು ಮಾತ್ರ, ನೋಡಿ, ಯಾರಿಗೂ ಅನುಮಾನ ಬರದ ಹಾಗೆ ಬರೆದಿದ್ದಾರೆ.