ಅಮೆರಿಕದ ಹಳೇ ವ್ಯಾಕ್ಯೂಮ್ ಕ್ಲೀನರ್: ಪ್ಲಗ್ ಬದಲಿಸಿದರೆ ಸಾಲದು

‘ಅಮೆರಿಕದ ಹಳೇ ವ್ಯಾಕ್ಯೂಮ್ ಕ್ಲೀನರ್‌ಗೆ ಪ್ಲಗ್ ಬದಲಿಸಿದರೆ ಸಾಕು, ಇಲ್ಲೂ ಓಡುತ್ತದೆ’ ಎಂಬ ಮೆಸೇಜು ಬಳ್ಳಾರಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು, ದಯವಿಟ್ಟು ನಂಬಬೇಡಿ.

ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ನೇರವಾಗಿ ಹಾಕಿದರೆ ಮೋಟಾರು ಕಿರುಚಿಕೊಂಡು ತಿರುಗುತ್ತದೆ. ತಿರುಗುವ ಭಾಗಕ್ಕೆ ಕರೆಂಟು ಕೊಡುವ ಕಾರ್ಬನ್ ಬ್ರಶ್ ಹತ್ತಿರ ಕಿಡಿ ಹಾರುತ್ತದೆ, ಮೋಟಾರಿನೊಳಗಿನ ತಂತಿಸುರುಳಿ, ಅಂದರೆ ವೈಂಡಿಂಗ್ ಸುಟ್ಟುಹೋಗುತ್ತದೆ. ಪಂಪ್‌ಸೆಟ್ ರಿಪೇರಿಯವರು ವೈಂಡಿಂಗ್ ಮತ್ತೆ ಸುತ್ತಿಕೊಟ್ಟಾರು. ಆದರೆ ಬ್ರಶ್ ಉಜ್ಜುವ ತಾಮ್ರದ ಭಾಗ, ಅಂದರೆ ಕಮ್ಯುಟೇಟರ್ ಕೆಟ್ಟರೆ ಅಷ್ಟು ಹಳೇದು ಎಲ್ಲಿ ಹುಡುಕುತ್ತೀರಿ?

ಕರೆಂಟಿನ ಆವರ್ತನ ಅಲ್ಲಿ 60 ಹರ್ಟ್ಸ್, ಇಲ್ಲಿ 50 ಹರ್ಟ್ಸ್ ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಇಂಥ ಕ್ಲೀನರ್‌ಗಳಲ್ಲಿರುವ, ಎಸಿ-ಡಿಸಿ ಎರಡರಲ್ಲೂ ಓಡುವ ಯೂನಿವರ್ಸಲ್ ಮೋಟಾರಿಗೆ ಅದು ತೊಂದರೆಯಲ್ಲ. ಮೊದಲು ನೇಮ್‌ಪ್ಲೇಟ್ ಒರೆಸಿ ಓದಿ. 110 ಅಥವಾ 120 ವೋಲ್ಟ್ ಅಂತಿದ್ದರೆ ವೋಲ್ಟೇಜ್ ಇಳಿಸಿಕೊಡುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅದೂ ಯಂತ್ರದ ವ್ಯಾಟ್‌ಗಿಂತ ಜಾಸ್ತಿ ತಾಳುವಂಥದ್ದು. ಬಿರುಕುಬಿಟ್ಟ ರಬ್ಬರ್ ವೈರನ್ನು ಬದಲಿಸದೆ ಸ್ವಿಚ್ ಹಾಕಲೇಬೇಡಿ.